ಯಾರ ತಪ್ಪು ಯಾರ ಖಾತೆಗೆ?

2025ರ ಆಗಸ್ಟ್ ತಿಂಗಳಲ್ಲಿ ನಮ್ಮ ಹೈದರಾಬಾದು ಹಳೆಯ ಘೋಷಣೆಯೊಂದನ್ನು ಹೊಸ ಹೆಸರಿನೊಂದಿಗೆ ಮತ್ತೆ ಕೇಳಿತು. ಸಿಕಂದರಾಬಾದಿನ ಮೋಂಡಾ ಮಾರುಕಟ್ಟೆಯಲ್ಲಿ ವಾಹನ ನಿಲ್ಲಿಸುವ ವಿಷಯವಾಗಿ ಜಗಳ ಹುಟ್ಟಿ, ದಲಿತ ವ್ಯಕ್ತಿಯೊಬ್ಬರ ಮೇಲೆ ಹಲ್ಲೆಯಾಯಿತೆಂಬ ದೂರು ಬಂದಿತು. ಹಲ್ಲೆ ಮಾಡಿದವರು ಮಾರ್ವಾಡಿ ವರ್ತಕರೆಂಬ ಸುದ್ದಿ ಹರಡಿತು. ಕೆಲವೇ ದಿನಗಳಲ್ಲಿ ಆ ಜಗಳದ ಸ್ಥಳ, ಕಾರಣ, ಅದರಲ್ಲಿದ್ದವರ ಹೆಸರು ಎಲ್ಲವೂ ಹಿಂದೆ ಸರಿದು 'ಮಾರ್ವಾಡಿ ಗೋ ಬ್ಯಾಕ್' ಎಂಬ ಕೂಗೊಂದೇ ಉಳಿಯಿತು. ರಂಗಾರೆಡ್ಡಿ ಜಿಲ್ಲೆಯ ಆಮನಗಲ್ಲಿನ ಸ್ಥಳೀಯ ವರ್ತಕರು ಅದಕ್ಕೆ ದನಿಗೂಡಿಸಿದರು. ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕ್ರಿಯಾ ಸಮಿತಿ ಆಗಸ್ಟ್ 22ರಂದು ತೆಲಂಗಾಣ ಬಂದ್‌ಗೆ ಕರೆ ನೀಡಿತು.

ಹಲ್ಲೆಯ ದೂರು ಕ್ಷುಲ್ಲಕವಲ್ಲ; ಹಲ್ಲೆ ಮಾಡಿದವರಿಗೆ ಕಾನೂನಿನಂತೆ ಶಿಕ್ಷೆಯಾಗಲೇಬೇಕು. ಹೊರಗಿನಿಂದ ಬಂದ ದೊಡ್ಡ ಬಂಡವಾಳದೆದುರು ಸಣ್ಣ ಊರಿನ ಅಂಗಡಿಕಾರ ಸೋಲುತ್ತಿದ್ದಾನೆಂಬ ಅಳಲೂ ಹುರುಳಿಲ್ಲದ್ದಲ್ಲ. ಆದರೆ ಮೋಂಡಾ ಮಾರುಕಟ್ಟೆಯ ಜಗಳದ ಬಾಕಿಯನ್ನು ಬೇಗಂ ಬಜಾರಿನಲ್ಲಿ ನಿಜಾಮರ ಕಾಲದಿಂದ ಬಾಳಿಬಂದ ಮನೆತನವೊಂದು ತೀರಿಸಬೇಕೆಂಬ ಲೆಕ್ಕ ಯಾವ ಶಾಸ್ತ್ರದ್ದು? ಈ ಪ್ರಶ್ನೆ ಮಾರ್ವಾಡಿಗಳಿಗಷ್ಟೇ ಸಂಬಂಧಿಸಿದ್ದಲ್ಲ. ಭಾಷೆ ಬೇರೆಯಾದ ಊರಿನಲ್ಲಿ ಮನೆ ಕಟ್ಟಿ, ಮಕ್ಕಳನ್ನು ಓದಿಸಿ, ನೆಲೆನಿಂತಿರುವ ನಮ್ಮಂತಹ ಕನ್ನಡ ಕುಟುಂಬಗಳಿಗೂ ಸಂಬಂಧಿಸಿದ್ದು.

ಎಪ್ಪತ್ತಮೂರು ವರ್ಷಗಳ ಹಿಂದಿನ ಕೂಗು

ಈ ನಗರದಲ್ಲಿ 'ಗೋ ಬ್ಯಾಕ್' ಎಂಬ ಮಾತಿಗೆ ದೀರ್ಘವಾದ ಚರಿತ್ರೆಯಿದೆ. ನಿಜಾಮರ ಸರ್ಕಾರದ ನಿಯಮದಂತೆ ಹದಿನೈದು ವರ್ಷ ಸಂಸ್ಥಾನದಲ್ಲಿ ನೆಲೆಸಿದವನು ಮುಲ್ಕಿ, ಅಂದರೆ ಈ ನಾಡಿನವನು. ಸರ್ಕಾರಿ ನೌಕರಿಯಲ್ಲಿ ಅವನಿಗೇ ಆದ್ಯತೆ. 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಆಡಳಿತ ನಡೆಸಲು ಹೊರಗಿನಿಂದ, ವಿಶೇಷವಾಗಿ ಮದ್ರಾಸು ಪ್ರಾಂತದ ತೆಲುಗು ಭಾಗಗಳಿಂದ, ಇಂಗ್ಲಿಷ್ ಬಲ್ಲ ನೌಕರರು ಬಂದರು. ಉರ್ದುವಿನಲ್ಲಿ ಓದಿದ ಸ್ಥಳೀಯ ತರುಣರು ಹಿಂದೆ ಬಿದ್ದರು. ಸುಳ್ಳು ಮುಲ್ಕಿ ಪ್ರಮಾಣಪತ್ರಗಳ ಆರೋಪವೂ ಸೇರಿಕೊಂಡಿತು. ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಯಾಗಿದ್ದ 1952ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಆ ವರ್ಷದ ಸೆಪ್ಟೆಂಬರ್ ಮೊದಲ ವಾರದಲ್ಲಿ ಸಿಟಿ ಕಾಲೇಜಿನ ಆಸುಪಾಸಿನಲ್ಲಿ ಗೋಲಿಬಾರಿಗೆ ಹಲವರು ಬಲಿಯಾದರು.

ಆ ಚಳವಳಿಯ ಘೋಷಣೆಗಳು ಎರಡು. ಒಂದು, 'ನಾನ್-ಮುಲ್ಕಿ ಗೋ ಬ್ಯಾಕ್'. ಇನ್ನೊಂದು, 'ಇಡ್ಲಿ ಸಾಂಬಾರ್ ಗೋ ಬ್ಯಾಕ್'. ಓದುಗರು ಈ ಎರಡನೆಯದನ್ನು ಗಮನಿಸಬೇಕು. ಮೊದಲನೆಯದರಲ್ಲಿ ನೌಕರಿಯ ತಕರಾರಿದೆ. ಅದಕ್ಕೆ ನಿಯಮವಿದೆ, ದಾಖಲೆಯಿದೆ, ಪರಿಹಾರವೂ ಸಾಧ್ಯವಿದೆ. ಎರಡನೆಯದರಲ್ಲಿ ತಕರಾರು ಮಾಯವಾಗಿದೆ. ಎದುರಿನವನ ತಟ್ಟೆಯೇ ಅವನ ಅಪರಾಧವಾಗಿದೆ. ದೂರು ಹಳಸಿ ಪಡಿಯಚ್ಚಾಗುವ ಬಗೆ ಇದು.

'ಪಡಿಯಚ್ಚು' ಎಂಬ ಮಾತನ್ನು ಇಲ್ಲಿ ಉದ್ದೇಶಪೂರ್ವಕವಾಗಿಯೇ ಬಳಸುತ್ತಿದ್ದೇವೆ. ಮುದ್ರಣಾಲಯದಲ್ಲಿ ಒಮ್ಮೆ ಎರಕ ಹೊಯ್ದ ಫಲಕದಿಂದ ಸಾವಿರ ಪ್ರತಿಗಳನ್ನು ತೆಗೆಯಬಹುದು. ಪ್ರತಿ ಸಲವೂ ಮೊಳೆ ಜೋಡಿಸಬೇಕಿಲ್ಲ. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರಲ್ಲಿ ಈ ಮುದ್ರಣದ ಪದವನ್ನೇ ತೆಗೆದುಕೊಂಡು, ಜನಸಮುದಾಯಗಳ ಬಗ್ಗೆ ನಮ್ಮ ತಲೆಯಲ್ಲಿ ಸಿದ್ಧವಾಗಿರುವ ಚಿತ್ರಗಳಿಗೆ ಅನ್ವಯಿಸಿದನು. ಅಂದಿನಿಂದ ಸಮಾಜಶಾಸ್ತ್ರದಲ್ಲಿ ಆ ಪದ ನಿಂತಿದೆ. ಎದುರಿಗೆ ಬಂದವನನ್ನು ಹೊಸದಾಗಿ ಓದುವ ಶ್ರಮ ತಪ್ಪಿಸಲು ಹಳೆಯ ಫಲಕವನ್ನೇ ಒತ್ತಿಬಿಡುವುದು ಮನಸ್ಸಿಗೆ ಸುಲಭ.

ಮುಲ್ಕಿಯ ಕಥೆಯಲ್ಲಿ ಕನ್ನಡಿಗರ ಪಾತ್ರ ಇನ್ನೂ ಸ್ವಾರಸ್ಯದ್ದು. ಗುಲ್ಬರ್ಗ, ಬೀದರ್, ರಾಯಚೂರು ಜಿಲ್ಲೆಗಳು ಹೈದರಾಬಾದು ರಾಜ್ಯದಲ್ಲಿದ್ದವು. ಆದ್ದರಿಂದ 1952ರಲ್ಲಿ ಕಾಚಿಗೂಡದಲ್ಲಿ ವಾಸವಿದ್ದ ಗುಲ್ಬರ್ಗದ ಕನ್ನಡಿಗ ಮುಲ್ಕಿ. ಪಕ್ಕದ ಮನೆಗೆ ಹೊಸದಾಗಿ ಬಂದ ಧಾರವಾಡದ ಅಥವಾ ಉಡುಪಿಯ ಕನ್ನಡಿಗ ನಾನ್-ಮುಲ್ಕಿ. ಮನೆಮಾತು ಒಂದೇ, ಒಬ್ಬ ಒಳಗಿನವ, ಮತ್ತೊಬ್ಬ ಹೊರಗಿನವ. 1956ರ ನವೆಂಬರ್ 1ರಂದು ಆ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಿನ್ನೆಯವರೆಗೆ ತನ್ನ ರಾಜಧಾನಿಯಲ್ಲಿದ್ದ ಗುಲ್ಬರ್ಗದವನು ಮರುದಿನ ಬೆಳಿಗ್ಗೆ ಪರರಾಜ್ಯದವನಾದನು. ಅವನು ಒಂದು ಹೆಜ್ಜೆಯನ್ನೂ ಕಿತ್ತಿಟ್ಟಿರಲಿಲ್ಲ. ನಕ್ಷೆಯಲ್ಲಿ ಗೆರೆ ಸರಿದಿತ್ತು. ಹೊರಗಿನವರ ಸ್ವಭಾವವೇ ಹಾಗೆ ಎಂದು ಹೇಳುವವರಿಗೆ ಈ ಒಂದು ರಾತ್ರಿಯ ಉದಾಹರಣೆ ಸಾಕು.

ತೆಲುಗಿನೊಳಗಿನ ತೆಲುಗು

ಒಂದೇ ಭಾಷೆಯನ್ನಾಡುವವರ ನಡುವೆಯೂ ಪಡಿಯಚ್ಚುಗಳು ಎಷ್ಟು ಗಟ್ಟಿಯಾಗಿರಬಲ್ಲವೆಂಬುದಕ್ಕೆ ದಿಲ್‌ಸುಖ್‌ನಗರದಂತಹ ಪಾಠಶಾಲೆ ಇನ್ನೊಂದಿಲ್ಲ. ವಿಜಯವಾಡದ ಹೆದ್ದಾರಿ ಇಲ್ಲಿಂದಲೇ ಹಾಯ್ದು ಹೋಗುತ್ತದೆ. ನಲ್ಲಗೊಂಡ, ಖಮ್ಮಂ ಕಡೆಯವರೂ ಕೃಷ್ಣಾ, ಗುಂಟೂರು ಕಡೆಯವರೂ ಈ ಹೆದ್ದಾರಿಯ ಬಸ್ಸಿನಿಂದಿಳಿದು ಮೊದಲು ಕಾಲಿಡುವ ಬಡಾವಣೆಗಳಲ್ಲಿ ಇದೂ ಒಂದು. ಕೋಚಿಂಗ್ ಕೇಂದ್ರಗಳು, ಸಾಲುಸಾಲು ಹಾಸ್ಟೆಲುಗಳು, ಮೆಸ್ಸುಗಳು. 2018ರ ಸೆಪ್ಟೆಂಬರಿನಿಂದ ಮೆಟ್ರೋ ರೈಲು ಬೇರೆ. ಒಂದೇ ಕೋಣೆಯಲ್ಲಿ ಸೂರ್ಯಾಪೇಟೆಯ ಹುಡುಗ ಮತ್ತು ತೆನಾಲಿಯ ಹುಡುಗ ಒಂದೇ ಪರೀಕ್ಷೆಗೆ ಓದುತ್ತಾರೆ.

ಆದರೂ ತಲೆಮಾರುಗಳಿಂದ ಎರಡು ಚಿತ್ರಗಳು ಚಲಾವಣೆಯಲ್ಲಿವೆ. ಕರಾವಳಿ ಆಂಧ್ರದವನ ಕಣ್ಣಿನಲ್ಲಿ ತೆಲಂಗಾಣದವನು ನಿಜಾಮನ ಕಾಲದ ಸೋಮಾರಿ, ಮಾತು ಒರಟು. ತೆಲಂಗಾಣದವನ ಕಣ್ಣಿನಲ್ಲಿ ಆಂಧ್ರದವನು ನಯವಾಗಿ ಮಾತನಾಡಿ ನೆಲವನ್ನೂ ನೌಕರಿಯನ್ನೂ ಕಬಳಿಸುವ ಚಾಣಾಕ್ಷ. 1955ರಲ್ಲಿ ವರದಿ ಸಲ್ಲಿಸಿದ ರಾಜ್ಯ ಪುನರ್ವಿಂಗಡಣಾ ಆಯೋಗವೇ ಮುಂದುವರಿದ ಕರಾವಳಿಯವರು ತಮ್ಮನ್ನು ನುಂಗಿಬಿಡುವರೆಂಬ ತೆಲಂಗಾಣದ ಅಂಜಿಕೆಯನ್ನು ದಾಖಲಿಸಿತ್ತು. 1956ರ ಸಭ್ಯರ ಒಪ್ಪಂದ, 1969ರ ಚಳವಳಿ, 1973ರ ಆರು ಅಂಶಗಳ ಸೂತ್ರ, ಸ್ಥಳೀಯರಲ್ಲದ ನೌಕರರನ್ನು ಹಿಂದಕ್ಕೆ ಕಳುಹಿಸಲು 1985ರಲ್ಲಿ ಹೊರಟ 610ನೆಯ ಸರ್ಕಾರಿ ಆದೇಶ ಇವೆಲ್ಲ ಆ ಅಂಜಿಕೆಗೆ ಮದ್ದು ಹುಡುಕಿದ ಪ್ರಯತ್ನಗಳು. ನೀರು, ನೌಕರಿ, ನಿಧಿಗಳ ದೂರು ನಿಜವಾದದ್ದು. ಕೊಟ್ಟ ಮಾತು ನಡೆಯದೆ ಹೋದಾಗಲೆಲ್ಲ ಆ ದೂರು ಸರ್ಕಾರದ ಬಾಗಿಲಿನಿಂದ ಮರಳಿ ನೆರೆಮನೆಯವನ ಬಾಗಿಲಿಗೆ ಬಂದು ನಿಂತಿತು.

ಸಿನಿಮಾ ಅದಕ್ಕೆ ಉಪ್ಪುಖಾರ ಹಚ್ಚಿತು. ದಶಕಗಳ ಕಾಲ ತೆಲುಗು ಚಿತ್ರಗಳಲ್ಲಿ ನಾಯಕ ಆಡುತ್ತಿದ್ದದ್ದು ಕರಾವಳಿಯ ಶಿಷ್ಟ ತೆಲುಗನ್ನು. ತೆಲಂಗಾಣದ ಮಾತು ಖಳನಿಗೋ ಹಾಸ್ಯಗಾರನಿಗೋ ಮೀಸಲು. ಪ್ರತ್ಯೇಕ ರಾಜ್ಯದ ಹೋರಾಟದಲ್ಲಿ ಇದೂ ಒಂದು ನೋವಾಗಿ ಕೇಳಿಬಂದಿತು. 2014ರ ಜೂನ್ 2ರಂದು ರಾಜ್ಯವಾದ ಮೇಲೆ, 2017ರಲ್ಲಿ ಬಂದ 'ಫಿದಾ' ಚಿತ್ರದ ನಾಯಕಿ ಮೊದಲಿನಿಂದ ಕೊನೆಯವರೆಗೆ ತೆಲಂಗಾಣದ ತೆಲುಗನ್ನೇ ಆಡಿದಾಗ ಎರಡೂ ರಾಜ್ಯಗಳ ಪ್ರೇಕ್ಷಕರು ಮೆಚ್ಚಿದರು. ಇದನ್ನು ಓದುವ ಕನ್ನಡಿಗರು ನಮ್ಮ ಚಿತ್ರಗಳನ್ನೂ ಒಮ್ಮೆ ನೆನೆಯಬಹುದು. ಹುಬ್ಬಳ್ಳಿಯ 'ಹೌದ್ರಿ', ಮಂಗಳೂರಿನ 'ಎಂಥದು ಮಾರಾಯ್ರೆ' ಎಷ್ಟು ಸಲ ನಗೆಗೆ ಬಳಕೆಯಾಗಿವೆ!

ಅನುಭವದ ಪುಸ್ತಕ ಬರೆಯುವ ರೀತಿ

ಪಡಿಯಚ್ಚಿಗೆ ಮದ್ದು ಸ್ವಂತ ಅನುಭವ ಎಂಬ ನಂಬಿಕೆ ಸಾಮಾನ್ಯ. ದೂರದಲ್ಲಿದ್ದಾಗ ಪೂರ್ವಗ್ರಹ, ಹತ್ತಿರ ಬಂದಾಗ ಸ್ನೇಹ ಎಂಬುದು ಕೇಳಲು ಹಿತ. ಅದರಲ್ಲಿ ಸತ್ಯಾಂಶವೂ ಇದೆ. ರಿಚರ್ಡ್ ಲಾಪಿಯೇರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞನು 1930ರ ದಶಕದ ಆರಂಭದಲ್ಲಿ ಚೀನೀ ದಂಪತಿಯೊಂದಿಗೆ ತನ್ನ ದೇಶವನ್ನು ಸುತ್ತಿದನು. ಅಂದು ಅಲ್ಲಿ ಚೀನೀಯರ ಬಗ್ಗೆ ತಿರಸ್ಕಾರ ತೀವ್ರವಾಗಿತ್ತು. ಇನ್ನೂರೈವತ್ತರಷ್ಟು ವಸತಿಗೃಹ, ಭೋಜನಗೃಹಗಳಲ್ಲಿ ಅವರನ್ನು ಸೇರಿಸದೆ ಕಳುಹಿಸಿದ್ದು ಒಂದೇ ಒಂದು ಕಡೆ. ಕೆಲವು ತಿಂಗಳುಗಳ ನಂತರ ಅದೇ ಸ್ಥಳಗಳಿಗೆ ಪತ್ರ ಬರೆದು, ಚೀನೀ ಅತಿಥಿಗಳನ್ನು ಸೇರಿಸುವಿರಾ ಎಂದು ಕೇಳಿದಾಗ ಉತ್ತರಿಸಿದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಇಲ್ಲವೆಂದರು. 1934ರಲ್ಲಿ ಪ್ರಕಟವಾದ ಈ ಲೇಖನ ಇಂದಿಗೂ ಚರ್ಚೆಯಲ್ಲಿದೆ. ಎದುರಿಗೆ ನಗುಮುಖದ ಮನುಷ್ಯ ನಿಂತಾಗ ಸೋತ ಪಡಿಯಚ್ಚು ಕಾಗದದ ಮೇಲೆ ಮತ್ತೆ ಗೆದ್ದಿತು.

ಗಮನಿಸಬೇಕಾದದ್ದು ಇಷ್ಟೇ: ಆ ದಂಪತಿಗೆ ಉಪಚಾರ ಮಾಡಿದ ಅನುಭವ ಹೋಟೆಲಿನವರ ಅಭಿಪ್ರಾಯವನ್ನು ಬದಲಿಸಲಿಲ್ಲ. ಏಕೆ? ಬ್ಯಾಂಕಿನಲ್ಲಿ ಮೂರು ದಶಕ ಲೆಕ್ಕ ನೋಡಿದ ನಮಗೆ ಇದು ಖಾತೆ ಬರೆಯುವ ಕ್ರಮದ ದೋಷವಾಗಿ ಕಾಣುತ್ತದೆ. ಅನ್ಯಪ್ರಾಂತದವನೊಬ್ಬ ಮೋಸ ಮಾಡಿದರೆ ಆ ಮೊತ್ತವನ್ನು ಅವನ ಇಡೀ ಜನಾಂಗದ ಖಾತೆಗೆ ಬರೆಯುತ್ತೇವೆ: 'ಆ ಕಡೆಯವರೇ ಹಾಗೆ.' ಅದೇ ಪ್ರಾಂತದ ಮತ್ತೊಬ್ಬ ಆಪತ್ತಿನಲ್ಲಿ ನೆರವಾದರೆ ಅದನ್ನು ಅವನೊಬ್ಬನ ಹೆಸರಿಗೆ ಜಮೆ ಮಾಡುತ್ತೇವೆ: 'ಇವನು ಅವರಂತಲ್ಲ.' ಕಹಿಯೆಲ್ಲ ಕುಲದ ಖಾತೆಗೆ, ಸಿಹಿಯೆಲ್ಲ ವ್ಯಕ್ತಿಯ ಖಾತೆಗೆ. ಹೀಗೆ ಬರೆಯುತ್ತ ಹೋದರೆ ಕುಲದ ಖಾತೆ ಎಂದಿಗೂ ಬಾಕಿಯಲ್ಲೇ ಇರುತ್ತದೆ. ಒಬ್ಬೊಬ್ಬ ವ್ಯಕ್ತಿಯೂ ಅಪವಾದವಾಗುತ್ತಾನೆ. ನೂರು ಅಪವಾದಗಳನ್ನು ಕಂಡ ಮೇಲೂ ನಿಯಮ ಮಾತ್ರ ಹಾಗೆಯೇ ಉಳಿಯುತ್ತದೆ.

ನಮ್ಮವರ ವಿಷಯಕ್ಕೆ ಬಂದರೆ ಈ ಕ್ರಮ ತಲೆಕೆಳಗಾಗುತ್ತದೆ. ಕನ್ನಡಿಗನೊಬ್ಬ ಸಾಧನೆ ಮಾಡಿದರೆ ಅದು ಕನ್ನಡಿಗರೆಲ್ಲರ ಗುಣ. ಕನ್ನಡಿಗನೊಬ್ಬ ವಂಚನೆ ಮಾಡಿದರೆ ಅದು ಅವನ ವೈಯಕ್ತಿಕ ಸ್ವಭಾವ. ಇದು ಕನ್ನಡಿಗರಿಗೆ ಮಾತ್ರ ಅಂಟಿದ ಚಾಳಿಯಲ್ಲ. ಎಲ್ಲ ಜನಾಂಗಗಳೂ ತಮ್ಮ ಪುಸ್ತಕವನ್ನು ಹೀಗೆಯೇ ಬರೆದುಕೊಳ್ಳುತ್ತವೆ.

ಸಂಶೋಧನೆಗಳೂ ಇದನ್ನು ಬೇರೆ ಬೇರೆ ದಿಕ್ಕಿನಿಂದ ತೋರಿಸಿವೆ. ಸಂಪರ್ಕದಿಂದ ಪೂರ್ವಗ್ರಹ ಒಟ್ಟಿನಲ್ಲಿ ತಗ್ಗುತ್ತದೆ ಎಂದು ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ ಅವರು 515 ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ತೋರಿಸಿದರು. ಆದರೆ 2012ರಲ್ಲಿ ಫಿಯೋನಾ ಬಾರ್ಲೋ ಮತ್ತು ಸಂಗಡಿಗರು ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಒಂದು ಎಚ್ಚರಿಕೆಯಿದೆ: ಒಳ್ಳೆಯ ಭೇಟಿ ಪೂರ್ವಗ್ರಹವನ್ನು ಇಳಿಸುವುದಕ್ಕಿಂತ ಕೆಟ್ಟ ಭೇಟಿ ಅದನ್ನು ಏರಿಸುವುದೇ ಹೆಚ್ಚು. ಒಳ್ಳೆಯ ಭೇಟಿಗಳು ಸಂಖ್ಯೆಯಲ್ಲಿ ಹೆಚ್ಚು, ಆದರೆ ನೆನಪಿನಲ್ಲಿ ನಿಲ್ಲುವುದು ಕಡಿಮೆ. ದಿಲ್‌ಸುಖ್‌ನಗರದ ತರಕಾರಿಯವನು ಸಾವಿರ ದಿನ ಸರಿಯಾಗಿ ತೂಗಿದ್ದನ್ನು ಯಾರೂ ಮನೆಗೆ ಬಂದು ಹೇಳುವುದಿಲ್ಲ.

ಸಂಪರ್ಕ ಯಾವಾಗ ಫಲಿಸುತ್ತದೆ?

ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿಯೇ ಈ ಪ್ರಶ್ನೆಗೆ ಉತ್ತರ ಹುಡುಕಿದನು. ಸುಮ್ಮನೆ ಅಕ್ಕಪಕ್ಕದಲ್ಲಿದ್ದರೆ ಸಾಲದು. ಇಬ್ಬರ ಸ್ಥಾನವೂ ಸಮವಾಗಿರಬೇಕು, ಗುರಿ ಒಂದಾಗಿರಬೇಕು, ಕೆಲಸದಲ್ಲಿ ಒಬ್ಬರಿಗೊಬ್ಬರು ಹೆಗಲು ಕೊಡಬೇಕು, ಮೇಲಿನವರ ಬೆಂಬಲವಿರಬೇಕು. ಆಗ ಮಾತ್ರ ಸಂಪರ್ಕ ಮನಸ್ಸನ್ನು ತಿದ್ದುತ್ತದೆ.

ಈ ನಾಲ್ಕೂ ನಿಬಂಧನೆಗಳು ಯಾರೂ ಯೋಜಿಸದೆ ಒಟ್ಟಿಗೆ ಕೂಡಿಬಂದದ್ದನ್ನು ನಮ್ಮ ವೃತ್ತಿಯವರು ಕಂಡಿದ್ದಾರೆ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. 2020ರ ಏಪ್ರಿಲ್ 1ರಂದು ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕು ಮತ್ತು ಹೈದರಾಬಾದಿನ ಆಂಧ್ರ ಬ್ಯಾಂಕು ಎರಡೂ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಅದೇ ದಿನ ಮಣಿಪಾಲದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕನ್ನು ಸೇರಿತು. ಹೀಗೆ ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಸಂಸ್ಥೆಯ ನೌಕರರೂ ಮಚಲೀಪಟ್ಟಣದಲ್ಲಿ 1923ರಲ್ಲಿ ಪಟ್ಟಾಭಿ ಸೀತಾರಾಮಯ್ಯನವರು ಹುಟ್ಟುಹಾಕಿದ ಸಂಸ್ಥೆಯ ನೌಕರರೂ ಒಂದೇ ಸೂರಿನಡಿ ಬಂದರು. ಕರಾವಳಿ ಕನ್ನಡಿಗರು ಲೆಕ್ಕಕ್ಕೆ ಗಟ್ಟಿ, ಕೈ ಬಿಗಿ. ಆಂಧ್ರದವರು ಧಾರಾಳಿಗಳು, ಮುಖ ನೋಡಿ ಮಣೆ ಹಾಕುವವರು ಎಂಬ ಹರಟೆ ಎರಡೂ ಕಡೆ ಮೊದಲೇ ಇತ್ತು.

ದೇಶಕ್ಕೆ ಬೀಗ ಬಿದ್ದ ವಾರವದು. ಏಪ್ರಿಲ್‌ನಿಂದ ಜೂನ್‌ವರೆಗೆ ಮಹಿಳೆಯರ ಜನಧನ ಖಾತೆಗಳಿಗೆ ತಿಂಗಳಿಗೆ 500 ರೂಪಾಯಿ ಜಮೆಯಾಗತೊಡಗಿತು. ಬ್ಯಾಂಕುಗಳ ಮುಂದೆ ಬೆಳಗಿನಿಂದಲೇ ಸಾಲು. ಮುಖಗವುಸು ಕಟ್ಟಿಕೊಂಡು, ಸೋಂಕಿನ ಭಯದಲ್ಲಿಯೇ ಹಣ ಎಣಿಸಿ ಕೊಡುತ್ತಿದ್ದಾಗ ಪಕ್ಕದ ಕೌಂಟರಿನವನು ಕುಂದಾಪುರದವನೋ ಕರೀಂನಗರದವನೋ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಒಬ್ಬರಿಗೆ ಜ್ವರ ಬಂದರೆ ಮತ್ತೊಬ್ಬರು ಎರಡು ಕುರ್ಚಿಯ ಕೆಲಸ ಮಾಡಿದರು. ಸಾಲಿನಲ್ಲಿದ್ದ ಅಜ್ಜಿಗೆ ತೆಲುಗಿನಲ್ಲಿ ವಿವರಿಸುವುದನ್ನು ಮಂಗಳೂರಿನವರು ಆ ತಿಂಗಳುಗಳಲ್ಲೇ ಕಲಿತರು. ಅಂದಿನ ಸ್ನೇಹಗಳು ಇಂದಿಗೂ ಉಳಿದಿವೆ. ಆದರೆ ವರ್ಗಾವಣೆಯ ಪಟ್ಟಿ ಹೊರಡುವ ಕಾಲ ಬಂದಾಗಲೆಲ್ಲ 'ಅವರವರಿಗೆ ಅವರವರೇ' ಎಂಬ ಹಳೆಯ ಪಿಸುಮಾತು ಮರಳುವುದನ್ನೂ ನಾವು ಕೇಳಿದ್ದೇವೆ. ಗುರಿ ಒಂದಾಗಿದ್ದಾಗ ಮಲಗಿದ್ದ ಪಡಿಯಚ್ಚು ಪೈಪೋಟಿ ಬಂದಾಗ ಎದ್ದು ಕೂರುತ್ತದೆ.

ಸಮಸ್ಥಾನವಿಲ್ಲದ ಸಂಪರ್ಕ ಎಷ್ಟು ದುರ್ಬಲವೆಂಬುದನ್ನು ಬೆಂಗಳೂರು 2012ರ ಆಗಸ್ಟಿನಲ್ಲಿ ಕಂಡಿತು. ಅಸ್ಸಾಮಿನ ಕೊಕ್ರಝಾರ್ ಕಡೆಯ ಹಿಂಸಾಚಾರದ ಬೆನ್ನಲ್ಲೇ ಈಶಾನ್ಯದವರ ಮೇಲೆ ದಾಳಿಯಾಗಲಿದೆಯೆಂಬ ವದಂತಿ ಮೊಬೈಲಿನ ಸಂದೇಶಗಳಲ್ಲಿ ಹಬ್ಬಿತು. ಸಾವಿರಾರು ಜನ ರೈಲು ನಿಲ್ದಾಣದಲ್ಲಿ ನೆರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರ ಹದಿನೈದು ದಿನಗಳ ಮಟ್ಟಿಗೆ ದಿನಕ್ಕೆ ಐದೇ ಸಂದೇಶಗಳೆಂಬ ಮಿತಿ ಹೇರಿತು. ಸಚಿವರೂ ಅಧಿಕಾರಿಗಳೂ ನಿಲ್ದಾಣಕ್ಕೇ ಹೋಗಿ ನಾವಿದ್ದೇವೆಂದು ಹೇಳಿದರೂ ಹೊರಟವರು ಹೊರಟರು. ಆ ತರುಣ ತರುಣಿಯರು ವರ್ಷಗಟ್ಟಲೆ ಬೆಂಗಳೂರಿನ ಹೋಟೆಲುಗಳಲ್ಲಿ ಬಡಿಸಿದ್ದರು, ಕಟ್ಟಡಗಳ ಬಾಗಿಲು ಕಾದಿದ್ದರು. ಊರು ಅವರನ್ನು ದಿನವೂ ನೋಡುತ್ತಿತ್ತು. ಅವರ ಹೆಸರು, ಊರು, ಭಾಷೆ ಕೇಳಿದವರು ಎಷ್ಟು ಜನ? ಪರಿಚಯವಿಲ್ಲದ ಕಡೆ ಒಂದು ಸಂದೇಶಕ್ಕಿರುವ ಬಲ ನೆರೆಹೊರೆಗೆ ಇರಲಿಲ್ಲ.

ಒಂದು ಊರಿನ ಹೆಸರು

ಪಡಿಯಚ್ಚು ಊರಿನ ಹೆಸರಿಗೂ ತಗಲುತ್ತದೆ. ದಿಲ್‌ಸುಖ್‌ನಗರದ ನಿವಾಸಿಗಳಿಗೆ 2013ರ ಫೆಬ್ರವರಿ 21ರ ಸಂಜೆಯನ್ನು ಯಾರೂ ನೆನಪಿಸಬೇಕಿಲ್ಲ. ಜನಜಂಗುಳಿಯ ನಡುವೆ ನಿಮಿಷಗಳ ಅಂತರದಲ್ಲಿ ಎರಡು ಬಾಂಬುಗಳು ಸಿಡಿದು ಹದಿನೇಳು-ಹದಿನೆಂಟು ಜನ ಸತ್ತರು; ನೂರಕ್ಕೂ ಹೆಚ್ಚು ಜನ ಗಾಯಗೊಂಡರು. 2016ರ ಡಿಸೆಂಬರಿನಲ್ಲಿ ವಿಶೇಷ ನ್ಯಾಯಾಲಯ ಐವರಿಗೆ ಮರಣದಂಡನೆ ವಿಧಿಸಿತು. 2025ರ ಏಪ್ರಿಲ್ 8ರಂದು ತೆಲಂಗಾಣ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಆ ಐವರಲ್ಲಿ ಒಬ್ಬನ ಹೆಸರಿನ ಕೊನೆಗೆ ದೇಶದ ಪತ್ರಿಕೆಗಳು ನಮ್ಮ ಉತ್ತರ ಕನ್ನಡದ ಊರೊಂದನ್ನು ಅಂಟಿಸಿದವು. ಅಂದಿನಿಂದ 'ಭಟ್ಕಳ' ಎಂದರೆ ಹೊರಗಿನವರು ಹುಬ್ಬೇರಿಸುವಂತಾಯಿತು. ವ್ಯಾಪಾರ, ಶಿಕ್ಷಣಗಳಿಗೆ ಹೆಸರಾದ, ನವಾಯತರೂ ನಾಮಧಾರಿಗಳೂ ಕೊಂಕಣಿಗರೂ ಬಾಳುವ ಆ ಊರಿನವರು ತಮ್ಮ ಊರಿನ ಹೆಸರನ್ನು ಅಪರಾಧಿಯ ಅಡ್ಡಹೆಸರಾಗಿ ಬಳಸುವುದನ್ನು ಆಕ್ಷೇಪಿಸಿದ್ದುಂಟು. ಊರಿನ ಹೆಸರು ಅರ್ಜಿಯಲ್ಲಿ ಕಂಡ ಮಾತ್ರಕ್ಕೆ ಸಂದೇಹದ ಕಣ್ಣುಗಳನ್ನು ಎದುರಿಸುವ ಕಷ್ಟವನ್ನು ಸ್ಫೋಟದ ಸುದ್ದಿಯನ್ನೇ ದೂರದಲ್ಲಿ ಕೇಳಿದ ಹುಡುಗನೂ ಹೊರಬೇಕು. ದಿಲ್‌ಸುಖ್‌ನಗರದವರಾದ ನಾವು ಗಾಯಗೊಂಡ ಊರಿನವರು; ಕನ್ನಡಿಗರಾದ ನಾವು ಹೆಸರು ಕೆಟ್ಟ ಊರಿನ ನಾಡಿನವರು. ಅಪರಾಧಕ್ಕೆ ಅಪರಾಧಿಯೇ ಹೊಣೆ, ಅವನ ಊರಲ್ಲ ಎಂದು ಹೇಳುವ ಹಕ್ಕೂ ಹೊಣೆಯೂ ನಮ್ಮಷ್ಟು ಬೇರೆ ಯಾರಿಗಿದೆ?

ದೂರು ಬೇರೆ, ಪಡಿಯಚ್ಚು ಬೇರೆ

ಹಾಗಾದರೆ ಅನ್ಯಾಯವಾದಾಗಲೂ ಸುಮ್ಮನಿರಬೇಕೆ? ಖಂಡಿತ ಬೇಡ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಹೊರವಲಯದ ಸೂರ್ಯನಗರದಲ್ಲಿ ಸ್ಟೇಟ್ ಬ್ಯಾಂಕ್ ಶಾಖೆಯ ವ್ಯವಸ್ಥಾಪಕರು ಕನ್ನಡದಲ್ಲಿ ಮಾತನಾಡುವುದಿಲ್ಲವೆಂದು ಗ್ರಾಹಕರಿಗೆ ಹೇಳಿದ ದೃಶ್ಯ ಎಲ್ಲೆಡೆ ಹರಡಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಖಂಡಿಸಿದರು. ಬ್ಯಾಂಕು ಅಧಿಕಾರಿಯನ್ನು ವರ್ಗಾಯಿಸಿತು. ಅವರು ಕ್ಷಮೆಯನ್ನೂ ಕೇಳಿದರು. ಗ್ರಾಹಕರ ದೂರು ನ್ಯಾಯವಾದದ್ದು. ಬ್ಯಾಂಕಿನ ಫಲಕ, ನಮೂನೆಗಳು ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಆ ದೂರಿಗೆ ದಿನಾಂಕವಿತ್ತು, ಶಾಖೆಯಿತ್ತು, ಕ್ರಮ ಕೈಗೊಳ್ಳಬೇಕಾದ ಸಂಸ್ಥೆಯಿತ್ತು. ಆದ್ದರಿಂದಲೇ ಅದಕ್ಕೆ ಪರಿಹಾರವೂ ದೊರೆಯಿತು.

ಆದರೆ ಅದರ ಸುತ್ತ ಬೆಳೆದ ಮಾತುಗಳಿಗೆ ಈ ಯಾವುದೂ ಇರಲಿಲ್ಲ. 'ಉತ್ತರದವರಿಗೆಲ್ಲ ಸೊಕ್ಕು' ಎಂದು ಒಂದು ಕಡೆ, 'ಕನ್ನಡಿಗರಿಗೆ ಸಹನೆಯಿಲ್ಲ' ಎಂದು ಇನ್ನೊಂದು ಕಡೆ. ಇವುಗಳಿಗೆ ತಾರೀಖಿಲ್ಲ, ವಿಳಾಸವಿಲ್ಲ, ಆದ್ದರಿಂದ ಮುಕ್ತಾಯವೂ ಇಲ್ಲ. ನಾವು ಸೂಚಿಸುವ ಪರೀಕ್ಷೆ ಸರಳವಾದದ್ದು. ಬ್ಯಾಂಕಿಗೆ ಬರುವ ದೂರಿನಲ್ಲಿ ಖಾತೆಯ ಸಂಖ್ಯೆ, ದಿನಾಂಕ, ಮೊತ್ತ ಇರಬೇಕು. ಅನ್ಯಪ್ರಾಂತದವರ ಬಗ್ಗೆ ಮನೆಯಲ್ಲಿ ಆಡುವ ಮಾತಿಗೂ ಅದೇ ನಿಯಮ ಹಾಕಿಕೊಳ್ಳೋಣ. ಯಾರು, ಯಾವಾಗ, ಏನು ಮಾಡಿದರು? ಉತ್ತರವಿದ್ದರೆ ಅದು ದೂರು, ಸಂಬಂಧಪಟ್ಟವರಿಗೆ ಸಲ್ಲಿಸೋಣ. ಉತ್ತರವಿಲ್ಲದಿದ್ದರೆ ಅದನ್ನು ಮಕ್ಕಳ ಮುಂದೆ ಆಡದಿರೋಣ. ಏಕೆಂದರೆ ನಮ್ಮ ಅನುಭವದ ಕಹಿ ಅವರಿಗೆ ಅನುಭವವಾಗಿ ತಲಪುವುದಿಲ್ಲ. ಸಿದ್ಧ ತೀರ್ಪಾಗಿ ತಲಪುತ್ತದೆ. ನಾಳೆ ಹಾಸ್ಟೆಲಿನ ಕೋಣೆಯಲ್ಲಿ, ಕಚೇರಿಯಲ್ಲಿ ಅವರು ಅದೇ ಜನರೊಂದಿಗೆ ಬಾಳಬೇಕು.

ನಮ್ಮ ಮನೆಯ ಅಂಗಳ

ಹೊರಗಿನವರ ಮಾತು ಇಷ್ಟಾಯಿತು. ಕನ್ನಡಿಗರ ಒಳಗಿನ ಮಾತೂ ಇದೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡನ್ನೂ ನಾಡವರನ್ನೂ ಮನಸಾರೆ ಹೊಗಳಿತು. ಆ ಕೃತಿ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡಿಗರ ಹೊಗಳಿಕೆ ಮೊದಲು ಕೇಳಿಬಂದ ಸೀಮೆಯ ಮಾತನ್ನೇ ಇಂದು 'ಉರ್ದು ಬೆರೆತ ಕನ್ನಡ' ಎಂದು ಕೆಲವರು ಮೂಗು ಮುರಿಯುತ್ತಾರೆ. ಆ ಸೀಮೆಗೆ 98ನೆಯ ತಿದ್ದುಪಡಿಯ ಮೂಲಕ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನ ದೊರೆತದ್ದು, 2019ರಲ್ಲಿ 'ಕಲ್ಯಾಣ ಕರ್ನಾಟಕ'ವೆಂಬ ಹೆಸರು ಬಂದದ್ದು ಸಂತೋಷದ ಸಂಗತಿ. ಹಿಂದುಳಿದಿರುವಿಕೆ ಆ ಸೀಮೆಯ ರಸ್ತೆ, ಶಾಲೆ, ನೀರಾವರಿಗಳಿಗೆ ಸಂಬಂಧಿಸಿದ್ದು, ಅಲ್ಲಿನ ಜನರ ಸ್ವಭಾವಕ್ಕೆ ಸಂಬಂಧಿಸಿದ್ದಲ್ಲ ಎಂಬುದನ್ನು ಕಾನೂನು ಒಪ್ಪಿದೆ. ಮನಸ್ಸುಗಳೂ ಒಪ್ಪಬೇಕು.

ಹೈದರಾಬಾದಿನ ತೆಲುಗರಲ್ಲಿ ಕನ್ನಡಿಗರ ಬಗ್ಗೆ ಒಂದು ಒಳ್ಳೆಯ ಪಡಿಯಚ್ಚೂ ಇದೆ: ಸೌಮ್ಯರು, ವಿದ್ಯಾವಂತರು, ಯಾರ ತಂಟೆಗೂ ಹೋಗದವರು. ಕೇಳಲು ಹಿತವಾದ ಈ ಮಾತೂ ಅರ್ಧ ಅನುಭವದ ಫಲ. ಅವರು ಕಂಡ ಕನ್ನಡಿಗರೆಂದರೆ ಬ್ಯಾಂಕಿನವರು, ಅಧ್ಯಾಪಕರು, ಉಡುಪಿ ಹೋಟೆಲಿನವರು, ತಂತ್ರಾಂಶದ ಉದ್ಯೋಗಿಗಳು. ಅದೇ ಊರಿನಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಗಳಿಂದ ಕಟ್ಟಡದ ಕೆಲಸಕ್ಕೆ ಬಂದವರೂ ಇದ್ದಾರೆ. ಅವರೂ ಕನ್ನಡ ಮಾತನಾಡುತ್ತಾರೆ. ಆದರೆ ಅವರನ್ನು ಯಾರೂ 'ಕನ್ನಡಿಗರು' ಎಂದು ಕರೆಯುವುದಿಲ್ಲ, 'ಕೂಲಿಯವರು' ಎನ್ನುತ್ತಾರೆ. ಕೃಷ್ಣೆಯ ಆಚೆ ದಡದ ಪಾಲಮೂರಿನವರಿಗೂ ಇದೇ ಪಾಡು. ಅಪಾರ್ಟ್‌ಮೆಂಟಿನ ಕಾವಲುಗಾರನಾಗಿ ಮಾತ್ರ ಅವರನ್ನು ಕಂಡವರಿಗೆ ಪಾಲಮೂರು ಎಂದರೆ ಕಾವಲುಗಾರನೇ. ನಾರಾಯಣಪೇಟೆ ಜಿಲ್ಲೆಯ ಗಡಿಹಳ್ಳಿಗಳಲ್ಲಿ ಕನ್ನಡ ಮನೆಮಾತಾಗಿದೆಯೆಂಬುದು ಅವನನ್ನು ಮಾತನಾಡಿಸಿದವರಿಗಷ್ಟೇ ತಿ��ಿಯುತ್ತದೆ.

ನಮ್ಮಂತಹ ಸಂಘಗಳು ಆಲ್‌ಪೋರ್ಟನ ನಾಲ್ಕು ನಿಬಂಧನೆಗಳನ್ನು ಕಾರ್ಯರೂಪಕ್ಕೆ ತರಬಲ್ಲ ಸ್ಥಳಗಳು. ನಾಡಹಬ್ಬದಲ್ಲಿ ತೆಲುಗು ನೆರೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಹಾರ ಹಾಕಿ ಕಳುಹಿಸುವುದು ಉಪಚಾರವಷ್ಟೇ. ಅವರೊಂದಿಗೆ ಸೇರಿ ರಕ್ತದಾನ ಶಿಬಿರ ನಡೆಸುವುದು, ದಿಲ್‌ಸುಖ್‌ನಗರದ ಹಾಸ್ಟೆಲುಗಳಲ್ಲಿ ಓದುವ ಎರಡೂ ಭಾಷೆಯ ಬಡ ವಿದ್ಯಾರ್ಥಿಗಳಿಗೆ ಒಟ್ಟಿಗೆ ಪುಸ್ತಕ ಒದಗಿಸುವುದು, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಭಾನುವಾರ ಕನ್ನಡವನ್ನೂ ತೆಲುಗನ್ನೂ ಕಲಿಸುವುದು ಇವು ಸಮಾನ ಗುರಿಯ ಕೆಲಸಗಳು. ಮುಂದಿನ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಯಾದಗಿರಿಯ ಗಾರೆ ಕೆಲಸದವರ ಕುಟುಂಬಗಳಿಗೂ ಎಲೆ ಹಾಕುವಂತಾದರೆ, ಕನ್ನಡಿಗ ಎಂಬ ಮಾತಿನ ಅರ್ಥ ನಮ್ಮವರ ನಡುವೆಯೂ ನೆರೆಯವರ ನಡುವೆಯೂ ಇನ್ನಷ್ಟು ವಿಸ್ತಾರವಾದೀತು. ಅದಕ್ಕೆ ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲೇ ಹೆಸರುಗಳನ್ನು ಬರೆದುಕೊಳ್ಳುವುದು ಒಳ್ಳೆಯದು.